ಹಳೇ ಕನ್ನಡ ಹಾಡು ಕೇಳುವವರು ಸ್ಪಾಟಿಫೈ ಬಿಟ್ಟು ಯೂಟ್ಯೂಬ್ ಮ್ಯೂಸಿಕ್‌ಗೋ ಆಪಲ್ ಮ್ಯೂಸಿಕ್‌ಗೋ ಹೋಗಬಹುದಾ?

ನಾಲ್ಕು ವರ್ಷದಿಂದ ಸ್ಪಾಟಿಫೈನಲ್ಲಿದ್ದೀರಿ. ಕೇಳೋದು ಹಳೇ ಚಿತ್ರಗೀತೆ, ಭಾವಗೀತೆ, ಸ್ವಲ್ಪ ಕರ್ನಾಟಕ ಸಂಗೀತ. ಬದಲಾಯಿಸಿದರೆ ಲಾಭ ಇದೆಯಾ, ಕೂಡಿಟ್ಟ ಪ್ಲೇಲಿಸ್ಟ್ ಏನಾಗುತ್ತೆ ಅಂತ ಕೇಳಿದ್ದೀರಿ. ಈ ಮೂರನ್ನೂ ನಾನು ದುಡ್ಡು ಕೊಟ್ಟು ಬಳಸಿದ್ದೇನೆ. ನೀವು ಹೇಳಿದ ಹಾಡುಗಳಿಗೆ ನನ್ನ ಮತ ಯೂಟ್ಯೂಬ್ ಮ್ಯೂಸಿಕ್‌ಗೆ.

ಕಾರಣ ಸರಳ. ಅಲ್ಲಿ ಕಂಪನಿಗಳು ಕೊಟ್ಟ ಆಲ್ಬಮ್‌ಗಳ ಜೊತೆಗೆ ಜನ ಯೂಟ್ಯೂಬ್‌ಗೆ ಹಾಕಿದ ಹಾಡುಗಳೂ ಸಿಗುತ್ತವೆ. ಹಳೇ ಕಚೇರಿ, ರೇಡಿಯೋ ಧ್ವನಿಮುದ್ರಣ, ಯಾವುದೋ ಊರಿನ ಕಾರ್ಯಕ್ರಮದಲ್ಲಿ ಸಿ. ಅಶ್ವಥ್ ಹಾಡಿದ್ದು, ಇಂಥವು ಬೇರೆ ಕಡೆ ಸಿಗೋದು ಕಷ್ಟ. ಇನ್ನೊಂದು, ನಿಮ್ಮ ಸ್ವಂತ ಫೈಲ್‌ಗಳನ್ನು ಕಂಪ್ಯೂಟರ್‌ನಿಂದ ಅದಕ್ಕೆ ಏರಿಸಬಹುದು, 1,00,000 ಹಾಡುಗಳವರೆಗೆ. ನನ್ನ ತಂದೆ ಧಾರವಾಡ ಆಕಾಶವಾಣಿಯಿಂದ ಟೇಪ್ ಮಾಡಿಕೊಂಡಿದ್ದ ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದ ಕ್ಯಾಸೆಟ್ ಒಂದಿತ್ತು. ಮೇಲೆ ಅವರದೇ ನೀಲಿ ಇಂಕಿನ ಅಕ್ಷರ. ಹಾಡು ಶುರುವಾಗುವ ಮೊದಲು ಅರ್ಧ ನಿಮಿಷ ಬರೀ ಗರಗರ ಸದ್ದು. ಅದನ್ನು ಎಂಪಿ3 ಮಾಡಿಸಿ ಏರಿಸಿದೆ. ಈಗ ಬಸ್ಸಿನಲ್ಲಿ ಕೂತೂ ಕೇಳುತ್ತೇನೆ, ಆ ಗರಗರ ಸಮೇತ. ಆಪಲ್‌ನಲ್ಲೂ ಕಂಪ್ಯೂಟರ್ ಮೂಲಕ ಹೀಗೆ ಸೇರಿಸಬಹುದು. ಸ್ಪಾಟಿಫೈನಲ್ಲಿ ಫೈಲ್ ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇದ್ದರೆ ಮಾತ್ರ ಓಡುತ್ತದೆ.

ಧ್ವನಿಯ ಗುಣಮಟ್ಟವೇ ಮುಖ್ಯ ಅನ್ನೋದಾದರೆ ಆಪಲ್ ಮ್ಯೂಸಿಕ್. 2021ರಿಂದ ಲಾಸ್‌ಲೆಸ್ ಅನ್ನು, ಅಂದರೆ ಫೈಲ್ ಚಿಕ್ಕದು ಮಾಡುವಾಗ ಧ್ವನಿಯ ಯಾವ ಅಂಶವನ್ನೂ ಬಿಡದ ರೂಪವನ್ನು, ಬೇರೆ ದುಡ್ಡು ಕೇಳದೆ ಕೊಡುತ್ತಿದೆ. ಸ್ಪಾಟಿಫೈ ಅದನ್ನು ತಂದಿದ್ದು 2025ರಲ್ಲಿ. ಆದರೆ ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಕೇಳೋದಾದರೆ ಆ ವ್ಯತ್ಯಾಸ ದಾರಿಯಲ್ಲೇ ಕಳೆದುಹೋಗುತ್ತದೆ, ವೈರ್ ಇರುವುದೇ ಬೇಕು.

ಸ್ಪಾಟಿಫೈ ಬಿಟ್ಟಾಗ ನನಗೆ ನಿಜವಾಗಿ ಬೇಜಾರಾಗಿದ್ದು ಎರಡಕ್ಕೆ. ಲ್ಯಾಪ್‌ಟಾಪ್‌ನಲ್ಲಿ ಹಾಡು ಬರುತ್ತಿದ್ದರೆ ಫೋನಿನಿಂದಲೇ ಬದಲಾಯಿಸುವುದು ಅದರಲ್ಲಿ ತುಂಬಾ ಸಲೀಸು. ಮತ್ತೆ ಪ್ರತಿ ಸೋಮವಾರ ಅದು ಕೊಡುವ ಹೊಸ ಹಾಡುಗಳ ಪಟ್ಟಿ. ಹೊಸ ಆ್ಯಪ್‌ಗೆ ನಿಮ್ಮ ರುಚಿ ಗೊತ್ತಾಗಲು ಕೆಲವು ವಾರ ಬೇಕು. ಯೂಟ್ಯೂಬ್‌ನಲ್ಲಂತೂ ಮನೆಯ ಟಿವಿಗೂ ಅದೇ ಖಾತೆ ಇದ್ದರೆ ಮಕ್ಕಳ ಹಾಡುಗಳೂ ನಿಮ್ಮ ಪಟ್ಟಿಗೆ ನುಗ್ಗುತ್ತವೆ. ಟಿವಿಗೆ ಬೇರೆ ಖಾತೆ ಇಟ್ಟುಕೊಳ್ಳಿ.

ಇನ್ನು ಪ್ಲೇಲಿಸ್ಟ್. ದಯವಿಟ್ಟು ಈ ಭಾಗ ಗಮನ ಕೊಟ್ಟು ಓದಿ. ಪ್ಲೇಲಿಸ್ಟ್ ಸಾಗಿಸಿಕೊಡುವ ತಾಣಗಳು ಬೇಕಾದಷ್ಟಿವೆ, ಕೆಲಸ ಹತ್ತು ನಿಮಿಷದ್ದು. ಅವು ಹಾಡನ್ನು ಹೊತ್ತು ತರುವುದಿಲ್ಲ, ಹೆಸರು ನೋಡಿ ಹೊಸ ಕಡೆ ಹುಡುಕುತ್ತವೆ ಅಷ್ಟೇ. ನಮ್ಮ ಹಾಡುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ರಾಜ್‌ಕುಮಾರ್ ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು, ಮತ್ತೊಂದು ಕಡೆ ಮುಂದೆ ಡಾಕ್ಟರ್. ಅಮ್ಮನ 140 ಹಾಡುಗಳ ಪಟ್ಟಿ ಸಾಗಿಸಿದೆ, 119 ಬಂದವು. ಪರವಾಗಿಲ್ಲ ಅಂದುಕೊಂಡೆ. ಮರುದಿನ ಬೆಳಿಗ್ಗೆ ಅಮ್ಮ ಅವರೆಕಾಳು ಸುಲಿಯುತ್ತಾ ಕೇಳುತ್ತಿದ್ದವರು ಕೈ ನಿಲ್ಲಿಸಿ, "ಇದು ಪಿ.ಬಿ. ಶ್ರೀನಿವಾಸ್ ಅಲ್ಲ ಕಣೋ, ಯಾರೋ ಬೇರೆಯವರು" ಅಂದರು. ನೋಡಿದರೆ ಅದೇ ಹೆಸರಿನ ಕವರ್ ಹಾಡು ಬಂದು ಕೂತಿತ್ತು. ಹೀಗೆ ಒಂಬತ್ತು ಸಿಕ್ಕವು. ಬಾರದ ಹಾಡು ಪಟ್ಟಿಯಲ್ಲಿ ಕಾಣುತ್ತದೆ, ತಪ್ಪಾಗಿ ಬಂದಿದ್ದು ಕೇಳಿದಾಗಲೇ ಗೊತ್ತಾಗೋದು.

ಅದಕ್ಕೇ ಹೇಳೋದು, ದುಡ್ಡು ಕಟ್ಟುವ ಮೊದಲು ನಿಮಗೆ ತೀರಾ ಬೇಕಾದ, ಎಲ್ಲೆಲ್ಲೂ ಸಿಗದ ಇಪ್ಪತ್ತು ಹಾಡು ಬರೆದುಕೊಂಡು ಹೊಸ ಆ್ಯಪ್‌ನಲ್ಲಿ ಹುಡುಕಿ. ಯಾವ ಹಾಡು ಎಲ್ಲಿರುತ್ತೆ ಅನ್ನೋದು ಹಕ್ಕು ಯಾರ ಕೈಯಲ್ಲಿದೆ, ಒಪ್ಪಂದ ಆಗಿದೆಯಾ ಅನ್ನೋದರ ಮೇಲೆ ನಿಂತಿದೆ. ಉದಾಹರಣೆಗೆ, ಸ್ಪಾಟಿಫೈ ಭಾರತಕ್ಕೆ ಬಂದಿದ್ದು 2019ರಲ್ಲಿ. ಹಳೇ ಎಚ್‌ಎಂವಿ ರೆಕಾರ್ಡ್‌ಗಳ ಹಕ್ಕು ಇರುವ ಸರಿಗಮದ ಜೊತೆ ಅದಕ್ಕೆ ಒಪ್ಪಂದ ಆಗಿದ್ದು 2020ರಲ್ಲಿ.

ಕರ್ನಾಟಕ ಸಂಗೀತಕ್ಕೆ ಒಂದು ಸಣ್ಣ ಮಾತು. ಯಾವ ಆ್ಯಪ್ ಆದರೂ ಸೆಟ್ಟಿಂಗ್ಸ್‌ನಲ್ಲಿ ಕ್ರಾಸ್‌ಫೇಡ್ (ಒಂದು ಟ್ರ್ಯಾಕ್ ಮುಗಿಯುವ ಮೊದಲೇ ಮುಂದಿನದನ್ನು ಶುರುಮಾಡುವುದು) ಇದ್ದರೆ ಆಫ್ ಮಾಡಿ. ರಾಗ, ತಾನ, ಪಲ್ಲವಿಯನ್ನು ಮೂರು ಟ್ರ್ಯಾಕ್ ಮಾಡಿರುತ್ತಾರೆ. ಕ್ರಾಸ್‌ಫೇಡ್ ಇದ್ದರೆ ಆಲಾಪನೆಯ ಕೊನೆಯ ಮೇಲೆ ತಾನ ಬಂದು ಬೀಳುತ್ತದೆ.

ಹಳೇ ಖಾತೆ ಮಾತ್ರ ಅಳಿಸಬೇಡಿ. ದುಡ್ಡು ಕಟ್ಟುವುದು ನಿಲ್ಲಿಸಿದರೆ ಡೌನ್‌ಲೋಡ್ ಮಾಡಿದ್ದು ಓಡುವುದಿಲ್ಲ, ಆದರೆ ಪ್ಲೇಲಿಸ್ಟ್ ಹಾಗೇ ಇರುತ್ತದೆ. ಅಮ್ಮನ ಬಾಕಿ ಹಾಡುಗಳನ್ನೆಲ್ಲ ಆ ಹಳೇ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಒಂದೊಂದಾಗಿ ಹುಡುಕಿದ್ದು. ಇನ್ನೂ ಎರಡು ಸಿಕ್ಕಿಲ್ಲ.