ಶುಂಠಿ ಕಿತ್ತ ಹೊಲಕ್ಕೆ ಮಳೆ ಕುಡಿಸೋದು ಹೇಗೆ?

ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜ್ ಎಲ್ಲ ಸುತ್ತಿ ಬಳಸಿ ಒಂದೇ ಸಂಕಟ ಹೇಳ್ತಿವೆ. ಮಳೆ ಬರುತ್ತೆ, ನೆಲದೊಳಗೆ ಹೋಗಲ್ಲ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇದಕ್ಕೇ ಪೂರ್ತಿ ಪುಟ ಕೊಟ್ಟಿದೀನಿ.

ಪ್ರಶ್ನೆ: ಅಕ್ಕಾ, ನಮ್ದು ಶಿಕಾರಿಪುರ ತಾಲ್ಲೂಕು. ಎರಡೂವರೆ ಎಕ್ರೆ ಖುಷ್ಕಿ ಹೊಲನ ಸಾಲ ತೀರ್ಲಿ ಅಂತ ಶುಂಠಿಗೆ ಲೀಸ್ ಕೊಟ್ಟಿದ್ವಿ. ಅವ್ರು ಬಿಟ್ಟು ಹೋದ್ಮೇಲೆ ಎರಡು ವರ್ಷದಿಂದ ಮೆಕ್ಕೆಜೋಳ ಹಾಕಿದ್ರೂ ಮೊಣಕಾಲುದ್ದ ಬಂದು ಹಳದಿ ತಿರುಗುತ್ತೆ. ಮಳೆ ಬಂದ್ರೆ ಕೆಂಪು ನೀರು ಸೀದಾ ಹಳ್ಳಕ್ಕೆ, ನಾಕು ದಿನ ಬಿಸಿಲು ಬಿದ್ರೆ ನೆಲ ಸಿಮೆಂಟ್ ಥರ. ಬೋರ್ ಹಾಕ್ಸಣ ಅಂತಾನೆ ಮಗ, ಕೃಷಿ ಹೊಂಡ ತೆಗ್ಸಣ ಅಂತೀನಿ ನಾನು. ಯಾವ್ದು ಸರಿ?

ಉತ್ತರ: ಈ ವರ್ಷ ಎರಡೂ ಬೇಡ ಅಣ್ಣ, ದುಡ್ಡು ಕೈಯಲ್ಲೇ ಇರ್ಲಿ. ಮೊದ್ಲು ಹೊಲದ ಮೇಲ್ಗಡೆ ತುದೀಲಿ ನಿಂತು ಕೆಳಗಡೆ ನೋಡಿ. ಶುಂಠಿಗೆ ಬುಡದಲ್ಲಿ ನೀರು ನಿಂತ್ರೆ ಕೊಳೆ ಬರುತ್ತೆ, ಅದಕ್ಕೆ ಅವ್ರು ಮಡಿ ಏರಿಸಿ ಮಡಿ ಮಧ್ಯೆ ಇಳಿಜಾರಿಗೆ ಸರಿಯಾಗಿ ಕಾಲುವೆ ಎಳೀತಾರೆ, ನೀರು ಎಷ್ಟು ಬೇಗ ಹೊರಗೆ ಹೋದ್ರೆ ಅಷ್ಟು ಒಳ್ಳೇದು ಅಂತ. ಶುಂಠಿ ಕಿತ್ರು, ಹೋದ್ರು, ಆದ್ರೆ ಆ ಕಾಲುವೆ ದಾರಿ ಹೊಲದ ಮೈಯಲ್ಲಿ ಹಾಗೇ ಉಳೀತು, ನೀವು ಟ್ರ್ಯಾಕ್ಟರ್ ಹೊಡ್ಸಿದ್ದೂ ಬಹುಶಃ ಮೇಲಿಂದ ಕೆಳಗೇ ಇರ್ಬೇಕು, ಹಾಗಾಗಿ ಪ್ರತಿ ಮಳೆಗೂ ನೀರು ಅದೇ ದಾರಿ ಹಿಡಿದು ಮೇಲ್ಮಣ್ಣು ಹೊತ್ಕೊಂಡು ಹೋಗ್ತಿದೆ. ಈಗ ಉಳ್ದಿರೋದು ಅಡಿಮಣ್ಣು, ಅದಕ್ಕೆ ಹೊದಿಕೆನೂ ಇಲ್ಲ, ಹನಿ ಬಿದ್ದ ಹೊಡೆತಕ್ಕೆ ಮಣ್ಣಿನ ಕಣ್ಣು ಮುಚ್ಚಿ ಮೇಲೆ ಒಂದು ಹಕ್ಕಳೆ ಕಟ್ಟುತ್ತೆ. ಹಕ್ಕಳೆ ಕಟ್ಟಿದ ನೆಲ ಎಷ್ಟು ಮಳೆ ಬಂದ್ರೂ ಕುಡಿಯಲ್ಲ.

ಲೆಕ್ಕ ಹೇಳ್ತೀನಿ, ಮಗನಿಗೂ ತೋರ್ಸಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಅಂದ್ರೆ 1 ಲೀಟರ್. ಒಂದು ಎಕ್ರೆ ಅಂದ್ರೆ ಸುಮಾರು 4047 ಚದರ ಮೀಟರ್, ಅಂದ್ರೆ ಒಂದೇ ಒಂದು ಇಂಚು ಮಳೆ ಬಿದ್ರೆ ಎಕ್ರೆಗೆ 1 ಲಕ್ಷ ಲೀಟರ್ ಮೇಲೇ ಆಯ್ತು, ನಿಮ್ಮ ಹೊಲಕ್ಕೆ ಎರಡೂವರೆ ಲಕ್ಷ. ಇಷ್ಟು ನೀರು ಬಿಟ್ಟಿ ಬಂದು ಹಳ್ಳಕ್ಕೆ ಹೋಗ್ತಿರೋವಾಗ ಸಾಲ ಮಾಡಿ ಬೋರ್ ಕೊರ್ಸೋದು ಯಾಕೆ? ಕೃಷಿ ಹೊಂಡ ಕೆಟ್ಟದ್ದು ಅಂತಲ್ಲ, ಆದ್ರೆ ಮೇಲಿನ ಮಣ್ಣು ಹೀಗೇ ಬಿಚ್ಕೊಂಡಿದ್ರೆ ಎರಡು ಮೂರು ಮಳೆಗಾಲದಲ್ಲಿ ಹೂಳು ತುಂಬುತ್ತೆ.

ಈಗ ಮಾಡೋ ಕೆಲಸ ಹೇಳ್ತೀನಿ. ಬೇಸಿಗೆ ಮಳೆ ಒಂದೆರಡು ಬಿದ್ದು ನೆಲ ಸ್ವಲ್ಪ ಮೆತ್ತಗಾದ ಕೂಡ್ಲೇ ಆ ಹಳೇ ಕಾಲುವೆಗಳನ್ನ ಮುಚ್ಚಿ, ಇಳಿಜಾರಿಗೆ ಅಡ್ಡ ಉಳುಮೆ ಮಾಡ್ಸಿ. ಟ್ರ್ಯಾಕ್ಟರ್‌ನವ್ರು ತಿರುಗ್ಸೋಕೆ ಕಷ್ಟ ಅಂತ ಗೊಣಗ್ತಾರೆ, ಬಿಡ್ಬೇಡಿ, ನಿಂತು ಮಾಡ್ಸಿ. ಆಮೇಲೆ ಮೇಲ್ಗಡೆಯಿಂದ ಶುರು ಮಾಡಿ ಒಂದೇ ಮಟ್ಟದಲ್ಲಿ ಅಡ್ಡಡ್ಡ ಗುಂಡಿ ತೆಗೀರಿ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳ, ಹತ್ತಡಿ ಉದ್ದ. ಒಂದು ಸಾಲಿನ ಗುಂಡಿಗಳ ನಡುವೆ ಖಾಲಿ ಬಿಟ್ಟ ಜಾಗಕ್ಕೆ ಎದುರಾಗಿ ಕೆಳಗಿನ ಸಾಲಿನ ಗುಂಡಿ ಬರ್ಬೇಕು. ತೆಗೆದ ಮಣ್ಣು ಕೆಳಗಡೆ ಬದಿಗೆ ಹಾಕಿ ಬದು ಕಟ್ಟಿ, ಮೇಲ್ಗಡೆ ಹಾಕಿದ್ರೆ ಮೊದಲ ಮಳೆಗೇ ವಾಪಸ್ ಗುಂಡಿಗೆ ಬೀಳುತ್ತೆ. ಅಂಥ ಒಂದು ಗುಂಡೀಲಿ 640 ಲೀಟರ್ ಹತ್ತಿರ ನಿಲ್ಲುತ್ತೆ, 60 ಗುಂಡಿ ಅಂದ್ರೆ ಒಂದು ಸಲಕ್ಕೆ 38 ಸಾವಿರ ಲೀಟರ್, ಅದು ಇಂಗಿ ಮತ್ತೆ ಮುಂದಿನ ಮಳೆಗೆ ತುಂಬುತ್ತೆ. ಬದು ಮೇಲೆ ಲಾವಂಚನೋ ಗ್ಲಿರಿಸೀಡಿಯಾ ಕಡ್ಡಿನೋ ನೆಡಿ, ಇಲ್ದಿದ್ರೆ ಬದು ನಿಲ್ಲಲ್ಲ. ಉದ್ಯೋಗ ಖಾತ್ರಿಲಿ ಬದು ಹಾಕಿಸ್ಕೊಂಡೋರು ನಿಮ್ಮ ಊರಲ್ಲೂ ಇರ್ತಾರೆ, ಪಂಚಾಯ್ತೀಲಿ ಒಂದ್ಸಲ ವಿಚಾರ್ಸಿ.

ನೀರು ನಿಲ್ಸಿದ್ದು ಅರ್ಧ ಕೆಲಸ ಅಷ್ಟೇ, ಮಣ್ಣಿಗೆ ಊಟ ಬೇಕು. ಈ ವರ್ಷ ಮೆಕ್ಕೆಜೋಳ ಬಿಡಿ ಅಣ್ಣ. ಹೇಳೋದು ಸುಲಭ, ನಿಮ್ಗೆ ಕಷ್ಟ ಅಂತ ಗೊತ್ತು, ಅರ್ಧ ಹೊಲನಾದ್ರೂ ಬಿಡಿ. ರೋಹಿಣಿ, ಮೃಗಶಿರಾ ಹೊತ್ತಿಗೆ ಸೆಣಬು ಚೆಲ್ಲಿ ಹೂ ಬಿಡೋ ಟೈಮಿಗೆ ಮಣ್ಣಿಗೆ ಸೇರ್ಸಿ ಉಳಿ, ಅದರ ಹಿಂದೆ ಹುರುಳಿ ಬಿತ್ತಿ. ಹುರುಳಿ ಬಡ ನೆಲದಲ್ಲೂ ಬರುತ್ತೆ, ನೆಲ ಮುಚ್ಚುತ್ತೆ, ನಿಮ್ಗೂ ದನಕ್ಕೂ ಆಗುತ್ತೆ. ಮೆಕ್ಕೆಜೋಳದ ದಂಟಿಗೆ ಇನ್ಮೇಲೆ ಬೆಂಕಿ ಹಾಕ್ಬೇಡಿ, ಹೊಲದಲ್ಲೇ ಹಾಸಿ. ಸುಣ್ಣ ಹಾಕೋದಾದ್ರೆ ಮಣ್ಣು ಪರೀಕ್ಷೆ ಮಾಡ್ಸಿಯೇ ಹಾಕಿ.

ಇನ್ನೊಂದು. ನಿಮ್ಮ ತಾಲ್ಲೂಕಿನದೇ ತಾಳಗುಂದದ ಕಂಬದ ಶಾಸನದಲ್ಲಿ ಕದಂಬರ ರಾಜ ಕಾಕುಸ್ಥವರ್ಮ ಕೆರೆ ತೋಡ್ಸಿದ ವಿಷಯ ಇದೆ, ಸುಮಾರು 1500 ವರ್ಷದ ಹಿಂದಿನ ಮಾತು. ಕೆರೆ ಕಟ್ಟಿ ಬದುಕಿದ ಸೀಮೆ ನಿಮ್ದು. ಈಗ ಕೆರೆಗಳಲ್ಲಿ ತುಂಬಿರೋ ಗೋಡು ಎಲ್ಲಿಂದ ಬಂತು? ನಿಮ್ಮಂಥವರ ಹೊಲದ ಮೇಲ್ಮಣ್ಣೇ ಅದು. ಊರ ಕೆರೆ ಹೂಳು ಎತ್ತೋದಿದ್ರೆ ಬೇಸಿಗೇಲಿ ಟ್ರಿಪ್ ಲೆಕ್ಕದಲ್ಲಿ ಗೋಡು ಹೊಡ್ಸಿ, ಆದ್ರೆ ಗುಂಡಿ, ಬದು ಆದ್ಮೇಲೆ. ಮೊದ್ಲೇ ಹೊಡ್ಸಿದ್ರೆ ಮತ್ತೆ ಕೆರೆಗೇ ಹೋಗುತ್ತೆ.

ಪ್ರಶ್ನೆ: ಒಂದೇ ಮಟ್ಟ ಅಂತೀರಿ, ಅದನ್ನ ನೋಡೋದು ಹೇಗೆ? ಇಂಜಿನಿಯರ್ ಬೇಕಾ? (ಹೊನ್ನಾಳಿ ರಸ್ತೆ ಕಡೆಯ ಓದುಗರು)

ಉತ್ತರ: ಬೇಡ. ಆರಡಿ ಉದ್ದದ ಎರಡು ಗಳ ತಗೊಂಡು ಮೇಲೆ ತುದಿ ಸೇರ್ಸಿ ಕಟ್ಟಿ, ಕೆಳಗಿನ ತುದಿಗಳನ್ನ ಎರಡು ಕಾಲಿನ ಹಾಗೆ ಅಗಲಿಸಿ ಮಧ್ಯೆ ಒಂದು ಅಡ್ಡಪಟ್ಟಿ ಕಟ್ಟಿ, ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಕಾಲನ್ನೂ ನೆಲದ ಮೇಲೆ ಇಟ್ಟು ಪಟ್ಟಿ ಮೇಲೆ ದಾರ ಬಿದ್ದಲ್ಲಿ ಗುರುತು ಹಾಕಿ, ಅದೇ ಎರಡು ಜಾಗದಲ್ಲಿ ಕಾಲು ಅದಲು ಬದಲು ಮಾಡಿ ಇನ್ನೊಂದು ಗುರುತು ಹಾಕಿ, ಎರಡರ ನಟ್ಟನಡುವೆ ಮಟ್ಟದ ಗುರುತು. ಆಮೇಲೆ ಹೊಲದಲ್ಲಿ ಒಂದೊಂದೇ ಕಾಲು ಮುಂದಿಡ್ತಾ ದಾರ ನಡುವಿನ ಗುರುತಿಗೆ ಬಂದಲ್ಲಿ ಗೂಟ ಹೊಡೀತಾ ಹೋಗಿ. ಗಾರೆ ಕೆಲಸದವರ ನೀರಿನ ಪೈಪ್ ಇದ್ರೂ ಆಗುತ್ತೆ. ಕಣ್ಣಂದಾಜು ಮಾತ್ರ ಬೇಡ. ನಾನು ಮೊದಲ ವರ್ಷ ಕಣ್ಣಂದಾಜಲ್ಲಿ ಜೇಸಿಬಿ ಬಿಟ್ಟು ಉದ್ದಕ್ಕೆ ಒಂದೇ ಅಗಳ ಹೊಡ್ಸಿದ್ದೆ, ಪುನರ್ವಸು ಮಳೇಲಿ ನೀರೆಲ್ಲ ಒಂದು ಮೂಲೆಗೆ ಹರಿದು ಬದು ಒಡೆದು ಕೆಳಗಿನವರ ಗದ್ದೆಗೆ ಮಣ್ಣು ನುಗ್ತು. ಆ ಮನೆಯವ್ರ ಮುಖ ನೋಡೋಕೆ ಎಷ್ಟೋ ದಿನ ಆಗ್ಲಿಲ್ಲ. ಅದಕ್ಕೇ ತುಂಡು ತುಂಡು ಗುಂಡಿ ಅಂತ ಒತ್ತಿ ಹೇಳ್ತಿರೋದು.

ಪ್ರಶ್ನೆ: ಆಫ್ರಿಕಾದಲ್ಲಿ ಸಣ್ಣ ಸಣ್ಣ ಗುಂಡಿ ತೋಡಿ ಮರುಭೂಮಿ ಹಸಿರು ಮಾಡಿದ ವಿಡಿಯೋ ನೋಡಿದ್ವಿ. ನಮ್ಮಲ್ಲೂ ಆಗುತ್ತಾ? (ಸೊರಬ)

ಉತ್ತರ: ನೀವು ನೋಡಿದ್ದು ಬುರ್ಕಿನಾ ಫಾಸೋ ದೇಶದ ಯಟೆಂಗಾ ಕಡೆಯದು, ಆ ಗುಂಡಿಗೆ ಝಾಯ್ ಅಂತಾರೆ. ಯಾಕೂಬಾ ಸವಡೋಗೋ ಅನ್ನೋ ರೈತ ಹಳೇ ಪದ್ಧತಿನ ತಿದ್ದಿ ಗುಂಡಿ ದೊಡ್ಡದು ಮಾಡಿ, ಬೇಸಿಗೇಲೇ ತೋಡಿ ಒಳಗೆ ಗೊಬ್ಬರ ಹಾಕಿದ್ರು. ಗೊಬ್ಬರಕ್ಕೆ ಒರಲೆ, ಅಂದ್ರೆ ಗೆದ್ದಲು, ಬಂದು ಗಟ್ಟಿ ನೆಲನ ಕೊರೀತಿತ್ತು, ಆ ತೂತಲ್ಲಿ ನೀರು ಇಳೀತಿತ್ತು. ನಾವು ಒರಲೆ ಕಂಡ್ರೆ ಔಷಧಿ ಹೊಡೀತೀವಿ, ಅವ್ರು ಅದರ ಕೈಲಿ ಉಳುಮೆ ಮಾಡ್ಸಿದ್ರು ಅನ್ನೋದು ನಂಗೆ ಯಾವಾಗ್ಲೂ ದೊಡ್ಡ ಮಾತು ಅನ್ಸುತ್ತೆ. 2018ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಆದ್ರೆ ಅಲ್ಲಿ ಮಳೆ ತೀರ ಕಮ್ಮಿ. ನಮ್ಮ ಆರಿದ್ರಾ ಮಳೆಗೆ ಆ ಗುಂಡೀಲಿ ಬೀಜ ಹಾಕಿದ್ರೆ ಕೊಳೀಬಹುದು. ನೀವು ಬೋಳು ಹಕ್ಕಲಲ್ಲಿ ಗಿಡ ನೆಡೋಕೆ ಅರ್ಧಚಂದ್ರದ ಕಟ್ಟೆ ಮಾಡಿ, ಬಾಯಿ ಮೇಲ್ಗಡೆಗೆ ಇರ್ಲಿ, ಗಿಡನ ಗುಂಡಿ ತಳದಲ್ಲಲ್ಲ, ಕಟ್ಟೆಯ ಒಳ ಅಂಚಲ್ಲಿ ಎತ್ತರಕ್ಕೆ ನೆಡಿ.

ಪ್ರಶ್ನೆ: ಸಾಗರದ ಹತ್ರ ನಮ್ದು ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರೋ ಸೊಪ್ಪಿನ ಬೆಟ್ಟ ಬೋಳಾಗಿ ಜಂಬಿಟ್ಟಿಗೆ ಎದ್ದಿದೆ. ಮಾರ್ಚ್‌ಗೇ ಬಾವಿ ತಳ ಕಾಣುತ್ತೆ. ತೋಟದಲ್ಲಿ ಇಂಗುಗುಂಡಿ ತೆಗೀಲಾ?

ಉತ್ತರ: ತೋಟದಲ್ಲಿ ಖಂಡಿತ ಬೇಡ ಮಾರಾಯ್ರೆ, ಅಲ್ಲಿ ಬಸಿಗಾಲುವೆ ಚೆನ್ನಾಗಿರ್ಲಿ, ಅಡಿಕೆ ಬೇರಿಗೆ ನೀರು ನಿಲ್ಲಬಾರ್ದು. ಕೆಲಸ ಇರೋದು ಬೆಟ್ಟದಲ್ಲಿ. ತುಂಬಾ ಕಡಿದಾದ ಕಡೆ, ಧರೆ (ನೆಟ್ಟಗೆ ನಿಂತ ಮಣ್ಣಿನ ದಿಬ್ಬ) ಮೇಲ್ಭಾಗದಲ್ಲಿ, ಮನೆ ಹಿಂದಿನ ಗುಡ್ಡದಲ್ಲಿ ದೊಡ್ಡ ಗುಂಡಿ ತೆಗೀಲೇಬೇಡಿ, ನೀರು ಕುಡಿದು ಭಾರ ಆದ ಧರೆ ಹೇಗೆ ಜಾರುತ್ತೆ ಅಂತ 2018ರಲ್ಲಿ ಕೊಡಗಲ್ಲಿ ಎಲ್ಲ ನೋಡಿದೀವಿ. ಸಾಧಾರಣ ಇಳುಕಲಲ್ಲಿ ಮಾತ್ರ ಸಣ್ಣ ಗುಂಡಿ, ಸಣ್ಣ ಕೊರಕಲಿಗೆ ಕಲ್ಲು ಅಡ್ಡ ಇಟ್ರೆ ಸಾಕು. ಅದಕ್ಕಿಂತ ಮುಖ್ಯ, ದರಕು, ಅಂದ್ರೆ ಉದುರಿದ ಒಣ ಎಲೆ, ಗುಡ್ಸೋದನ್ನ ಒಂದು ಭಾಗದಲ್ಲಿ ಮೂರು ವರ್ಷ ನಿಲ್ಸಿ, ಬೆಂಕಿ ಬೀಳದ ಹಾಗೆ ನೋಡ್ಕೊಳ್ಳಿ. ಬೋಳು ಅಂತೀರಲ್ಲ, ಹತ್ರ ಹೋಗಿ ನೋಡಿ, ಮತ್ತಿ, ಹೊನ್ನೆ, ನೇರಳೆ ಮೋಟು ಇನ್ನೂ ಜೀವ ಇಟ್ಕೊಂಡಿರುತ್ತೆ. ಮೋಟಿನ ಚಿಗುರಲ್ಲಿ ಗಟ್ಟಿ ಇರೋ ಎರಡು ಮೂರು ಉಳ್ಸಿ ಬಾಕಿ ಸವರಿ, ದನ ಬಾಯಿ ಹಾಕದ ಹಾಗೆ ಮುಳ್ಳು ಕಟ್ಟಿ. ನೈಜರ್ ದೇಶದ ಮರಾಡಿಯಲ್ಲಿ 1983ರಿಂದ ಇದನ್ನೇ ಮಾಡಿ ಹೊಲದ ತುಂಬಾ ಮರ ಎಬ್ಸಿದ್ರು, ಹೊಸ ಗಿಡ ನೆಟ್ಟಿದ್ದಲ್ಲ.

ಮುಂದಿನ ಮಾರ್ಚ್‌ಗೇ ಬಾವಿ ತುಂಬುತ್ತೆ ಅಂತ ನಾನು ಹೇಳಲ್ಲ. ಈಗಿಂದ್ಲೇ ಬಾವಿ ಕಟ್ಟೆ ಒಳಗೆ ಬಣ್ಣದಲ್ಲಿ ಗೆರೆ ಹಾಕಿ, ಪ್ರತಿ ಶಿವರಾತ್ರಿಗೆ ನೀರು ಎಷ್ಟು ಕೆಳಗಿದೆ ಅಂತ ಹಗ್ಗದಲ್ಲಿ ಅಳೆದು ಬರೆದಿಡಿ. ಮೂರು ಶಿವರಾತ್ರಿ ಆದ್ಮೇಲೆ ಆ ಅಳತೆ ನಂಗೂ ಕಳ್ಸಿ.