ಮಳೆ ಸುರಿಯುವ ಊರಿನ ದೈವ, ಮಳೆ ಕಾಯುವ ಊರಿನ ದೇವರು

ಪ್ರಶ್ನೆ: “ಮರುಭೂಮಿಯಲ್ಲಿ ಒಬ್ಬನೇ ದೇವರು ಹುಟ್ಟುತ್ತಾನೆ, ಕಾಡಿನಲ್ಲಿ ಕೋಟಿ ದೇವರು ಹುಟ್ಟುತ್ತಾರೆ ಅಂತ ಎಲ್ಲೋ ಓದಿದೆ. ಪರಿಸರ, ಬದುಕುವ ರೀತಿ ನಿಜಕ್ಕೂ ಧರ್ಮವನ್ನು ರೂಪಿಸುತ್ತವೆಯೇ?”

ನೀವು ಓದಿದ್ದು ಹಳೇ ಮಾತು. ಹತ್ತೊಂಬತ್ತನೇ ಶತಮಾನದಲ್ಲಿ ರೆನಾನ್ ಎಂಬ ಫ್ರೆಂಚ್ ವಿದ್ವಾಂಸ ಮರುಭೂಮಿಯೇ ಏಕದೇವವಾದಿ ಎಂದುಬಿಟ್ಟಿದ್ದ. ಕೇಳಲು ಚೆಂದ, ಪರೀಕ್ಷೆಗೆ ನಿಲ್ಲುವುದಿಲ್ಲ. ಇಸ್ಲಾಂ ಬರುವ ಮೊದಲು ಅದೇ ಅರೇಬಿಯಾದಲ್ಲಿ ಹುಬಲ್, ಅಲ್-ಲಾತ್, ಉಝ್ಝಾ, ಮನಾತ್ ಎಂದು ದೇವದೇವಿಯರಿಗೆ ಬರವಿರಲಿಲ್ಲ. ಇಸ್ಲಾಂ ಬೆಳೆದದ್ದೂ ಮರಳ ದಿಬ್ಬದ ಮೇಲಲ್ಲ. ವ್ಯಾಪಾರದ ಮೆಕ್ಕಾದಲ್ಲಿ, ಖರ್ಜೂರದ ತೋಟಗಳಿದ್ದ ಮದೀನಾದಲ್ಲಿ.

ಹಾಗಂತ ಸಂಬಂಧವೇ ಇಲ್ಲ ಎನ್ನಲಾರೆ. ನಾನು ಬದುಕಿದ ಎರಡು ಕಡೆಯ ಸಂಗತಿ ಹೇಳುತ್ತೇನೆ. ನನ್ನದು ಪುತ್ತೂರು ಕಡೆಯ ಹಳ್ಳಿ. ಬ್ಯಾಂಕಿನ ಕೆಲಸದ ಮೇಲೆ ನಾಲ್ಕು ವರ್ಷ ಹೂವಿನಹಡಗಲಿಯಲ್ಲಿದ್ದೆ. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ. ಹಡಗಲಿಯಲ್ಲಿ 600 ದಾಟಿದರೆ ಪುಣ್ಯ. ಈ ಒಂದು ವ್ಯತ್ಯಾಸ ಎಷ್ಟು ದೂರ ಹೋಗುತ್ತದೆ ಎಂದು ನನಗೆ ಅರ್ಥವಾದದ್ದು ಬೆಳೆಸಾಲದ ಅರ್ಜಿಯಿಂದ.

ಅಲ್ಲಿಗೆ ಹೋದ ಮೊದಲ ವರ್ಷ, ಜನವರಿ ಕೊನೆ. ಒಬ್ಬ ರೈತರು ಅರ್ಜಿಯಲ್ಲಿ ಎಲ್ಲಾ ತುಂಬಿಸಿ, ಯಾವ ಬೆಳೆ ಎಂಬಲ್ಲಿ ಮಾತ್ರ ಖಾಲಿ ಬಿಟ್ಟಿದ್ದರು. ಕೇಳಿದೆ. “ಕಾರಣಿಕ ಆಗ್ಲಿ ತಡೀರಿ ಸರ್ರ, ಆಮ್ಯಾಲೆ ಹೇಳ್ತೀನಿ” ಅಂದರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ತುಂಗಭದ್ರೆಯ ದಂಡೆಗೆ, ಭಾರತ ಹುಣ್ಣಿಮೆಯ ಜಾತ್ರೆ ನಡೆಯುತ್ತದೆ. ಮೈಲಾರಲಿಂಗನ ಭಕ್ತ ಗೊರವಯ್ಯ ಎತ್ತರದ ಬಿಲ್ಲೇರಿ “ಸದ್ದಲೇ” ಎಂದ ಕೂಡಲೇ ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿಯುತ್ತಾರೆ. ಅವನು ಕಾರಣಿಕದ, ಅಂದರೆ ಭವಿಷ್ಯದ, ಒಂದೇ ಒಂದು ವಾಕ್ಯ ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ವಾಕ್ಯದ ಅರ್ಥ ಬಿಡಿಸುವ ಕೆಲಸ ಚಹಾದಂಗಡಿಯಲ್ಲಿ ವಾರಗಟ್ಟಲೆ. ಮುಂಗಾರಿಯೋ ಹಿಂಗಾರಿಯೋ, ಜೋಳವೋ ಸಜ್ಜೆಯೋ. ಈಗೀಗ ಯಾವ ಪಕ್ಷದ ಸರ್ಕಾರ ಎಂಬುದನ್ನೂ ಅದರಲ್ಲೇ ಹುಡುಕುತ್ತಾರೆ, ಅದು ಬೇರೆ ಮಾತು. ನಾಲ್ಕು ದಿನ ಬಿಟ್ಟು ಬಂದ ಆ ರೈತರು “ಹಿಂಗಾರಿ ಚಲೋ ಐತಂತ್ರಿ, ಜೋಳ ಬರೀರಿ” ಅಂದರು. ಬರೆದೆ.

ಮಳೆ ಬರುತ್ತದೋ ಇಲ್ಲವೋ ಎಂದು ನಮ್ಮೂರ ದೈವವನ್ನು ಯಾರೂ ಕೇಳಿದ್ದು ನಾನು ನೋಡಿಲ್ಲ. ಅದು ಬಂದೇ ಬರುತ್ತದೆ. ಮಳೆಯ ನಡುವೆ ಬದುಕುವುದು ಹೇಗೆ ಎಂಬುದೇ ತುಳುನಾಡಿನ ಚಿಂತೆ, ನಮ್ಮ ಧಾರ್ಮಿಕ ಪಂಚಾಂಗ ನಿಂತಿರುವುದೂ ಅದರ ಮೇಲೆ. ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಅಂದಿಗೆ ದೈವ ಮೈಮೇಲೆ ಬಂದು ನುಡಿಯುವ ಕೋಲ, ನೇಮ, ಯಕ್ಷಗಾನ ಮೇಳದ ತಿರುಗಾಟ ಎಲ್ಲಕ್ಕೂ ತೆರೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿಯ ಆಚೀಚೆ. ಅದು ದೈವದ ಅಪ್ಪಣೆ ಎಂದು ಅಜ್ಜ ಹೇಳುತ್ತಿದ್ದರು. ನನಗೆ ಕಾಣುವುದು ಬಯಲಲ್ಲಿ ಹಾಕಿದ ಚಪ್ಪರ, ಎಳೆ ತೆಂಗಿನ ಗರಿಯ ಸಿರಿ ಎಂಬ ಉಡುಗೆ, ಅಡಿಕೆ ಹಾಳೆಯ ಅಣಿ ಎಂಬ ಪ್ರಭಾವಳಿ, ಮುಖಕ್ಕೆ ಹಚ್ಚಿದ ಅರದಾಳದ ಬಣ್ಣ. ಜೂನ್ ಮೊದಲ ವಾರದ ಮಳೆಗೆ ಇದರಲ್ಲಿ ಯಾವುದು ನಿಂತೀತು? ಕಟ್ಟುವವರಿಗೂ ನೋಡುವವರಿಗೂ ಆಗ ಗದ್ದೆಯಲ್ಲಿ ಕೆಲಸ. ಇಬ್ಬರ ಮಾತೂ ಒಂದನ್ನೊಂದು ಹೊಡೆಯುವುದಿಲ್ಲ ಅನ್ನಿಸುತ್ತದೆ. ಆಟಿ ತಿಂಗಳಲ್ಲಿ, ಮನೆಯ ಅಕ್ಕಿ ತಳ ಹಿಡಿಯುವ ಹೊತ್ತಿಗೆ, ಕೋಲ ಕಟ್ಟುವ ನಲಿಕೆಯವರು ತಾಳೆಗರಿಯ ಕೊಡೆ ಹಿಡಿದು ಆಟಿ ಕಳೆಂಜನಾಗಿ ಮನೆಮನೆಗೆ ಬರುತ್ತಾರೆ. ಊರಿನ ಮಾರಿ ಕಳೆಯುತ್ತದೆ, ಅವರ ಜೋಳಿಗೆಗೆ ಅಕ್ಕಿ ಬೀಳುತ್ತದೆ.

ದೈವಗಳ ಹೆಸರು ನೋಡಿ. ಪಂಜಿ ಎಂದರೆ ಹಂದಿ, ಅದರಿಂದ ಪಂಜುರ್ಲಿ. ಪಿಲಿ ಎಂದರೆ ಹುಲಿ, ಅದರಿಂದ ಪಿಲಿಚಾಮುಂಡಿ. ಕಾಡಿನ ಅಂಚಿನಲ್ಲಿ ಗದ್ದೆ ಮಾಡಿದವನ ಬೆಳೆ ತಿಂದದ್ದು ಹಂದಿ, ಹಟ್ಟಿಗೆ ನುಗ್ಗಿದ್ದು ಹುಲಿ. ದೈವದ ಕಥೆ ಹೇಳುವ ಹಾಡು ಪಾಡ್ದನದಲ್ಲಿ ಹಂದಿ ಈಶ್ವರನ ತೋಟ ಹಾಳುಮಾಡಿ, ಶಿಕ್ಷೆಗೊಳಗಾಗಿ, ಬೆಳೆ ಕಾಯುವ ದೈವವಾಗಿ ಭೂಮಿಗೆ ಇಳಿಯುತ್ತದೆ. ಕಳ್ಳನನ್ನೇ ಕಾವಲಿಗೆ ಹಾಕಿದ ಹಾಗೆ. ಮೈಲಾರದಲ್ಲಿ ಇದರ ಇನ್ನೊಂದು ಮುಖವಿದೆ. ಅದು ಕುರಿ ಮೇಯಿಸುವವರ ಲೋಕ. ಗೊರವರ ಹೆಗಲಲ್ಲಿ ಕರಿ ಕಂಬಳಿ, ತಲೆಯ ಮೇಲೆ ಕರಡಿ ಕೂದಲಿನ ಟೊಪ್ಪಿಗೆ. ಅವರಲ್ಲಿ ಕೆಲವರು ದೇವರ ನಾಯಿಗಳಂತೆ ಬೊಗಳುತ್ತ, ದೋಣಿ ಎಂಬ ಪಾತ್ರೆಯಲ್ಲಿ ಹಾಕಿದ ಹಾಲು ಬಾಳೆಹಣ್ಣನ್ನು ಬಾಯಲ್ಲೇ ತಿನ್ನುತ್ತಾರೆ. ಕುರಿ ಕಾಯುವವನಿಗೆ ನಾಯಿ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಅದು ವಿಚಿತ್ರ ಕಾಣಬಹುದು. ನನಗೂ ಮೊದಲ ವರ್ಷ ಕಂಡಿತ್ತು.

ನನಗೆ ಅತ್ಯಂತ ಗಟ್ಟಿ ಸಾಕ್ಷಿ ಎನಿಸುವುದು ಮಾತ್ರ ಹೊಸ ತೆನೆ. ನಾವು ಗದ್ದೆಯಿಂದ ಭತ್ತದ ತೆನೆ ತಂದು, ಪೂಜೆ ಮಾಡಿ, ಮಾವಿನೆಲೆ ಹಲಸಿನೆಲೆ ಜೊತೆ ಬಾಗಿಲಿಗೆ ಕಟ್ಟಿ ಹೊಸಅಕ್ಕಿ ಊಟ ಮಾಡುತ್ತೇವೆ. ಪಕ್ಕದ ಮನೆಯ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು, ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಮೊಂತಿ ಫೆಸ್ತ್ ಆಚರಿಸುತ್ತಾರೆ. ಇಗರ್ಜಿಯಲ್ಲಿ ಮಂತ್ರಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಹಾಕಿ ಕುಡಿಯುತ್ತಾರೆ. ಮೀನು ಮಾಂಸ ಬಿಟ್ಟಿರದವರು ಅವತ್ತು ಪೂರ್ತಿ ಸಸ್ಯಾಹಾರಿಗಳು. ದೇವರು ಬೇರೆ, ಗ್ರಂಥ ಬೇರೆ. ತೆನೆ ಮಾತ್ರ ಒಂದೇ ಗದ್ದೆಯದು. ಚಿಕ್ಕವನಿದ್ದಾಗ ಅವರ ಮನೆಗೆ ಕಿತ್ತುಕೊಟ್ಟ ತೆನೆ ನಮ್ಮ ಗದ್ದೆಯದೇ.

ಆದರೆ ಇದೇ ಮಣ್ಣಿನಲ್ಲಿ ಹದಿಮೂರನೇ ಶತಮಾನದಲ್ಲಿ ಮಧ್ವಾಚಾರ್ಯರು ಹುಟ್ಟಿದರು. ಅವರ ದ್ವೈತಕ್ಕೂ 4,000 ಮಿಲಿಮೀಟರ್ ಮಳೆಗೂ ಗಂಟು ಹಾಕಲು ಹೊರಟರೆ ಅದು ರೆನಾನ್ ಮಾಡಿದ ತಪ್ಪೇ ಆಗುತ್ತದೆ. ಹೆದರಿಕೆ ಯಾವುದು, ಹಬ್ಬ ಯಾವಾಗ, ನೈವೇದ್ಯಕ್ಕೆ ಏನು ಎಂಬುದನ್ನು ನೆಲ ಹೇಳಿಕೊಡುತ್ತದೆ. ಜೀವ ಬೇರೆಯೋ ಬ್ರಹ್ಮ ಬೇರೆಯೋ ಎಂಬುದಕ್ಕೆ ಅದು ಬಾಯಿ ಹಾಕುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಎರಡನೇ ಅರ್ಧ, ಬದುಕುವ ರೀತಿ. ನನ್ನ ಮಟ್ಟಿಗೆ ಇದು ಹವಾಮಾನಕ್ಕಿಂತ ದೊಡ್ಡದು. ನಮ್ಮ ಅಜ್ಜ ಗುತ್ತಿನ ಮನೆಯ, ಅಂದರೆ ಊರಿನ ಜಮೀನ್ದಾರ ಮನೆತನದ, ಒಕ್ಕಲು, ಗೇಣಿ ಕೊಟ್ಟು ಗದ್ದೆ ಮಾಡುತ್ತಿದ್ದವರು. ಗುತ್ತಿನ ಕೋಲಕ್ಕೆ ಎಳೆ ಗರಿ ತರುವುದು ಒಂದು ಮನೆ, ದೀವಟಿಗೆ ಎಣ್ಣೆ ಇನ್ನೊಂದು ಮನೆ, ಚಪ್ಪರ ನಮ್ಮದು. ದೈವ ಮೊದಲು ಗುತ್ತಿನ ಯಜಮಾನರನ್ನು ಕರೆದು ನುಡಿ ಕೊಡುತ್ತಿತ್ತು, ಆಮೇಲೆ ಉಳಿದವರಿಗೆ, ಅದೂ ಕ್ರಮ ತಪ್ಪದೆ. ಊರಿನಲ್ಲಿ ಯಾರ ಕೆಳಗೆ ಯಾರು ಎಂಬುದರ ಲೆಕ್ಕ ವರ್ಷಕ್ಕೊಮ್ಮೆ ಎಲ್ಲರೆದುರು ಓದಿದಂತೆ. 1974ರಲ್ಲಿ ಭೂಸುಧಾರಣೆ ತಿದ್ದುಪಡಿ ಬಂತು. ಅಜ್ಜ ಡಿಕ್ಲರೇಶನ್ ಕೊಟ್ಟರು, ಗದ್ದೆ ನಮ್ಮದಾಯಿತು. ಮರುವರ್ಷ ಚಪ್ಪರಕ್ಕೆ ಯಾರೂ ಹೋಗಲಿಲ್ಲ. ಗೇಣಿ ಅಕ್ಕಿ ನಿಂತ ಗುತ್ತಿಗೂ ಕೋಲ ನಡೆಸುವ ತ್ರಾಣ ಇರಲಿಲ್ಲ. ದೈವದ ಗುಡಿ ಸಾನದ ಮೇಲೆ ಹುಲ್ಲು ಬೆಳೆಯಿತು. ದೈವ ಕೋಪಿಸಿಕೊಂಡಿದೆ ಎಂದು ಅಜ್ಜಿ ರಾತ್ರಿ ಆ ದಾರಿಯಲ್ಲಿ ಹೋಗಲು ಬಿಡುತ್ತಿರಲಿಲ್ಲ. ಕೋಪ ಯಾರ ಮೇಲೆ ಎಂದು ಕೇಳಿದರೆ ಉತ್ತರವಿಲ್ಲ.

ಸುಮಾರು ಇಪ್ಪತ್ತು ವರ್ಷದ ಮೇಲೆ ಮುಂಬೈಯಲ್ಲಿ ಹೋಟೆಲ್ ಇಟ್ಟಿದ್ದವರಿಗೆ ಒಂದರ ಮೇಲೊಂದು ಕಷ್ಟ. ಜೋಯಿಸರಲ್ಲಿ ಪ್ರಶ್ನೆ ಇಟ್ಟು ಕೇಳಿದಾಗ ಊರಿನ ದೈವಕ್ಕೆ ನಡೆಯಬೇಕಾದ್ದು ನಡೆದಿಲ್ಲ ಎಂದು ಬಂತು. ಸಮಿತಿ ಆಯಿತು, ರಶೀದಿ ಪುಸ್ತಕ ಆಯಿತು. ಗುತ್ತಿನವರ ಖಜಾನೆ ಇದ್ದ ಜಾಗಕ್ಕೆ ದುಬೈ, ಮುಂಬೈ ಬಂತು. ಈಗ ಮೊದಲು ಯಾರನ್ನು ಕರೆಯಬೇಕು ಎಂಬುದರ ಮೇಲೆ ಪ್ರತಿ ವರ್ಷ ಸಣ್ಣ ಜಗಳ ಇದ್ದದ್ದೇ: ಗುತ್ತಿನ ಹೆಸರಿನವರನ್ನೋ, ಸಮಿತಿಯ ಅಧ್ಯಕ್ಷರನ್ನೋ. ದೈವ ಸದ್ಯಕ್ಕೆ ಇಬ್ಬರನ್ನೂ ಒಟ್ಟಿಗೇ ಕರೆಯುತ್ತದೆ.

ನಮ್ಮ ಗದ್ದೆ ಅಡಿಕೆ ತೋಟವಾಗಿ ವರ್ಷಗಳೇ ಕಳೆದವು. ಹೊಸಅಕ್ಕಿ ಊಟಕ್ಕೆ ತೆನೆಯನ್ನು ಬೈಕಿನಲ್ಲಿ ಹೋಗಿ ಬೇರೆಯವರ ಗದ್ದೆಯಿಂದ ತರುತ್ತೇನೆ, ಪಕ್ಕದ ಮನೆಯವರಿಗೂ ಸೇರಿಸಿ. ಕಳೆದ ಕೋಲದಲ್ಲಿ ನನ್ನ ಸರದಿ ಬಂದಾಗ ದೈವ ಕೈಗೆ ಗಂಧ ಹಾಕಿ, ನಿನ್ನ ಗದ್ದೆಯ ಬದುವಿಗೂ ಹಟ್ಟಿಯ ಬಾಗಿಲಿಗೂ ಕಾವಲು ಇರುತ್ತೇನೆ ಎಂದಿತು. ಹಟ್ಟಿಯಲ್ಲಿ ಈಗ ಕಾರು ನಿಲ್ಲುತ್ತದೆ. ಕೈಮುಗಿದು “ಆವು”, ಆಗಲಿ, ಅಂದೆ.