ಓದಿದ್ದೆಲ್ಲ ಮರೀತೀನಿ, ಅಪ್ಪನ ಫೋನ್ ಬಂದ್ರೆ ಭಯ

ಪ್ರಶ್ನೆ: ಮೇಡಂ, ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಸೆಕೆಂಡ್ ಪಿಯುಸಿ ಸೈನ್ಸ್ ಓದ್ತಿದ್ದೀನಿ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಫಸ್ಟ್ ಬಂದಿದ್ದೆ. ಈಗ ರಾತ್ರಿ ಒಂದರವರೆಗೆ ಓದ್ತೀನಿ, ಬೆಳಗ್ಗೆ ಐದಕ್ಕೆ ಬೆಲ್. ಆದ್ರೂ ಟೆಸ್ಟಲ್ಲಿ ಏನೂ ನೆನಪಾಗಲ್ಲ. ರೂಂಮೇಟ್‌ಗೆ ನನಗಿಂತ ಜಾಸ್ತಿ ಮಾರ್ಕ್ಸ್ ಬರುತ್ತೆ ಅಂತ ಅವಳ ಹತ್ರ ಮಾತೇ ಬಿಟ್ಟಿದ್ದೀನಿ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡಲ್ಲಿ ಫೀಸ್ ಕಟ್ಟಿದ್ದಾರೆ. ದಿನಾ ಸಂಜೆ ಫೋನ್ ಮಾಡಿ ‘ಎಷ್ಟು ಬಂತವ್ವಾ?’ ಅಂತಾರೆ. ರಿಂಗ್ ಆದ್ರೆ ಎದೆ ಹೊಡ್ಕೊಳ್ಳುತ್ತೆ. ನನಗೆ ಜ್ಞಾಪಕಶಕ್ತಿನೇ ಇಲ್ವಾ?

ಉತ್ತರ: ತಂಗಿ, ಶಾಲೆಗೆ ಫಸ್ಟ್ ಬಂದವಳ ಜ್ಞಾಪಕಶಕ್ತಿ ಎರಡು ವರ್ಷದಲ್ಲಿ ಎಲ್ಲಿಗೂ ಹೋಗಿರುವುದಿಲ್ಲ. ನೀನು ಹೇಗೆ ಓದುತ್ತಿದ್ದೀಯ ಅಂತ ಬರೆದಿಲ್ಲ, ಆದರೆ ನನ್ನ ಹತ್ತಿರ ಬರುವ ಬಹುಪಾಲು ಮಕ್ಕಳು ಓದುವುದು ಒಂದೇ ರೀತಿ: ನೋಟ್ಸ್ ಮತ್ತೆ ಮತ್ತೆ ಓದುವುದು. ಒಬ್ಬ ಹುಡುಗಿ ಬಯಾಲಜಿ ನೋಟ್ಸ್ ತಂದಿದ್ದಳು. ಪುಟದ ತುಂಬ ಹಳದಿ, ಹಸಿರು, ಗುಲಾಬಿ ಗೆರೆ. ಅದನ್ನು ಮುಚ್ಚಿಸಿ, ಡಬಲ್ ಫರ್ಟಿಲೈಸೇಷನ್ ಅಂದರೇನು ಹೇಳು ಅಂದೆ. ‘ಎಡಗಡೆ ಪುಟದ ಕೆಳಗೆ ಗುಲಾಬಿ ಬಣ್ಣದಲ್ಲಿದೆ ಮೇಡಂ’ ಅಂದಳು. ಎಲ್ಲಿದೆ ಅನ್ನುವುದು ಕಣ್ಣಿಗೆ ಕಟ್ಟಿತ್ತು, ಏನಿದೆ ಅನ್ನುವುದು ಬಾಯಿಗೆ ಬರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು.

ಇದನ್ನೇ 2006ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಪರೀಕ್ಷಿಸಿ ನೋಡಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪು ಒಂದು ಪಾಠವನ್ನು ನಾಲ್ಕು ಸುತ್ತು ಓದಿತು. ಇನ್ನೊಂದು ಗುಂಪು ಒಂದೇ ಸುತ್ತು ಓದಿ, ಉಳಿದ ಮೂರು ಸುತ್ತು ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ, ಓದಿದವರಲ್ಲಿ ಉಳಿದದ್ದು ಶೇ 40ರಷ್ಟು, ಬರೆದವರಲ್ಲಿ ಶೇ 61ರಷ್ಟು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ‘ನನಗೆ ಚೆನ್ನಾಗಿ ನೆನಪಿರುತ್ತೆ’ ಅನ್ನುವ ಭರವಸೆ ಜಾಸ್ತಿ ಇದ್ದದ್ದು ನಾಲ್ಕು ಸುತ್ತು ಓದಿದವರಲ್ಲೇ. ರಾತ್ರಿ ನಿನಗೆ ಎಲ್ಲ ಬಂದಹಾಗೆ ಅನ್ನಿಸಿ, ಟೆಸ್ಟಲ್ಲಿ ಕೈಕೊಡುವುದು ಇದಕ್ಕೇ.

ಹಾಗಾಗಿ ಒಂದು ಸಲ ಓದು, ಪುಸ್ತಕ ಮುಚ್ಚು, ಖಾಲಿ ಹಾಳೆಯಲ್ಲಿ ಬರೆ. ಆಮೇಲೆ ತೆಗೆದು ತಾಳೆ ನೋಡು. ಎರಡು ದಿನ ಬಿಟ್ಟು ಅದೇ ಪಾಠ ಮತ್ತೆ ಬರೆ. ಮೊದಲ ವಾರ ಅರ್ಧ ಹಾಳೆಯೂ ತುಂಬುವುದಿಲ್ಲ, ಅಳು ಬರುತ್ತೆ. ಬಿಡಬೇಡ. ನೆನಪಿಸಿಕೊಳ್ಳೋಕೆ ಒದ್ದಾಡುವಾಗಲೇ ಅದು ತಲೆಯಲ್ಲಿ ಊರುವುದು.

ನಿದ್ದೆ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದರಲ್ಲಿ ರಾಜಿ ಇಲ್ಲ. ನಿನ್ನ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ನಿನಗೆ ಸಿಗುತ್ತಿರುವುದು ನಾಲ್ಕು. ಹಗಲು ಓದಿದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ. ಐದರ ಬೆಲ್ ನಿನ್ನ ಕೈಯಲ್ಲಿಲ್ಲ, ಲೈಟ್ ಆರಿಸುವುದು ನಿನ್ನ ಕೈಯಲ್ಲಿದೆ. ಇವತ್ತಿನಿಂದ ಒಂಬತ್ತಕ್ಕೆ ಮಲಗು.

ಗೆಳತಿ ಜೊತೆ ಇವತ್ತೇ ಮಾತಾಡು. ‘ಇಪ್ಪತ್ತು ನಿಮಿಷ ನೀನು ನನಗೆ ಪ್ರಶ್ನೆ ಕೇಳು, ಇಪ್ಪತ್ತು ನಿಮಿಷ ನಾನು ಕೇಳ್ತೀನಿ’ ಅನ್ನು. ಮೇಲೆ ಹೇಳಿದ ಅಭ್ಯಾಸಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಜೊತೆಗೆ ಊಟದ ಸಾಲಿನಲ್ಲಿ ಒಬ್ಬಳೇ ನಿಲ್ಲುವುದೂ ತಪ್ಪುತ್ತದೆ.

ಮುಂದಿನ ನಾಲ್ಕು ಸಾಲು ನಿಮ್ಮ ತಂದೆಗೆ, ಓದಿ ಹೇಳು. ಯಜಮಾನ್ರೇ, ನಿಮ್ಮ ಕಾಳಜಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾರ್ಕ್ಸ್ ಕೇಳುವ ಫೋನ್ ಮಗಳಿಗೆ ಇನ್ನೊಂದು ಟೆಸ್ಟ್ ಆಗಿಬಿಟ್ಟಿದೆ. ಉಂಡ್ಯಾ, ನಿದ್ದೆ ಬಂತಾ ಅಂತ ಕೇಳಿ, ಮಳೆ ಆಯ್ತು, ಎಮ್ಮೆ ಕರು ಹಾಕಿತು ಅಂತ ಹೇಳಿ. ಮಾರ್ಕ್ಸ್ ಅವಳೇ ಹೇಳುವವರೆಗೆ ಕಾಯಿರಿ. ಈಗ ಪಿಯು ವಾರ್ಷಿಕ ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ ಅನ್ನುವುದೂ ನಿಮಗೆ ಗೊತ್ತಿರಲಿ.

ತಂಗಿ, ಎರಡು ವಾರ ಕಳೆದರೂ ಊಟ ಸೇರದಿದ್ದರೆ, ಅಳು ನಿಲ್ಲದಿದ್ದರೆ, ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗು. ಬದುಕೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡ. ಸರ್ಕಾರದ ಟೆಲಿ ಮಾನಸ್ ನಂಬರ್ 14416ಕ್ಕೆ ಆ ಕ್ಷಣವೇ ಫೋನ್ ಮಾಡು. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ಉಚಿತ.

ಪ್ರಶ್ನೆ: ಹತ್ತನೇ ಕ್ಲಾಸಿನ ಮಗ ರಾತ್ರಿ ಹನ್ನೆರಡಾದರೂ ಮೊಬೈಲ್ ಬಿಡಲ್ಲ. ಮೊಬೈಲ್‌ನಿಂದ ತಲೆ ಕೆಡುತ್ತಾ? – ಹರಿಹರದ ಒಬ್ಬ ತಾಯಿ

ಉತ್ತರ: ಅಮ್ಮಾ, ಅಷ್ಟು ಹೆದರಬೇಡಿ. 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ ಬ್ರಿಟನ್, ಅಮೆರಿಕದ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ನೆಮ್ಮದಿಯಲ್ಲಿ ಕಾಣುವ ಏರುಪೇರಿನಲ್ಲಿ ಮೊಬೈಲ್, ಕಂಪ್ಯೂಟರ್‌ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4. ನಿಮ್ಮ ಮನೆಯಲ್ಲಿ ನನಗೆ ಕಾಣುವ ನಷ್ಟ ನಿದ್ದೆಯದ್ದು. ಕಿತ್ತುಕೊಂಡರೆ ಜಗಳ ಗ್ಯಾರಂಟಿ. ಚಾರ್ಜರನ್ನು ಅಡುಗೆಮನೆಗೆ ಹಾಕಿ, ಹತ್ತಾದ ಮೇಲೆ ಮನೆಯವರ ಫೋನೆಲ್ಲ ಅಲ್ಲೇ ಇರಲಿ. ಮೊದಲು ಅವನಪ್ಪನದು.